ರಾಣಿಯ ಕೈ

ಶೆಡ್ಡಿನ ಕಡೆ ತಲೆ ಹಾಕದೆ ಇರುವುದಕ್ಕೆ ಫರಾಜ್ ಹನ್ನೆರಡು ದಿನಕ್ಕೆ ಹನ್ನೆರಡು ನೆಪ ಹೇಳಿದ್ದ. ಹೊಟ್ಟೆ ಸರಿಯಿಲ್ಲ, ಬಿಸಿಲು ಜಾಸ್ತಿ, ವೀಸಾ ಕಾಗದದ ಝೆರಾಕ್ಸ್ ಆಗಬೇಕು, ಹಲ್ಲುನೋವು. ಹಲ್ಲುನೋವು ಅಂದ ದಿನ ಸಾಯಂಕಾಲಕ್ಕೆ ಹಲ್ಲು ನಿಜವಾಗಿಯೂ ನೋಯತೊಡಗಿ, ಬಾಯಿಂದ ಬಿದ್ದ ಸುಳ್ಳು ಹೀಗೆ ಒಳಗೇ ಬೇರು ಬಿಡುತ್ತದಲ್ಲ ಎಂದು ಹೆದರಿದ್ದ. ಹದಿಮೂರನೆಯ ದಿನ ಬೆಳಿಗ್ಗೆ, ನಾಳೆ ಮಧ್ಯಾಹ್ನ ಕ್ವಾಲಾಲಂಪುರದ ವಿಮಾನ ಹತ್ತಿಬಿಟ್ಟರೆ ಮುಗಿಯಿತು ಎಂದು ಕೂತವನ ಮುಂದೆ ಅಮ್ಮಿ ಶಂಶುನ್ನೀಸಾ ಟೀ ಕೆಟಲು ತಂದಿಟ್ಟು, "ಜಾಕೊ ಚಾ ದೇಕೊ ಆ ರೇ, ಅಬ್ಬಾ ಮಾರ್ಕೆಟ್ ಗಯೇ," ಅಂದಳು. ಅಬ್ಬಾ ಇಸ್ಹಾಕ್ ರೇಷ್ಮೆಗೂಡು ಕೊಳ್ಳಲು ಹೋದ ದಿನ ಶೆಡ್ಡಿನ ಹೆಂಗಸರಿಗೆ ಟೀ ಕೊಡುವುದು ಮನೆಯವರ ಕೆಲಸ. ನೆಪಗಳ ಚೀಲಕ್ಕೆ ಕೈ ಹಾಕಿ ನೋಡಿದ, ಬರಿದು. ಹಿಂಬಾಗಿಲಿನಿಂದ ಶೆಡ್ಡಿಗೆ ಇಪ್ಪತ್ತು ಹೆಜ್ಜೆ. ಅಲ್ಲಿ ಮೂರನೆಯ ಬೇಸಿನ್ನಿನ ಮುಂದೆ ಅಮ್ಮಯಮ್ಮ ಕೂತಿರುತ್ತಾಳೆ. ಅವನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಕೂತು, ಕುದಿನೀರಿನಲ್ಲಿ ತೇಲುವ ಗೂಡುಗಳ ಎಳೆಯ ತುದಿ ಬಲಗೈಯಲ್ಲಿ ಹಿಡಿದು ರೇಷ್ಮೆ ತೆಗೆಯುತ್ತಿದ್ದಾಳೆ. ಅವಳ ಕೈಯನ್ನು ಪರದೇಶದ ಕಂಪ್ಯೂಟರ್ ಆಟದಲ್ಲಿ ಒಬ್ಬ ರಾಣಿಗೆ ಹಾಕಿದ್ದೇವೆ ಎಂದು ಅವನು ಅವಳಿಗೆ ಹೇಳಿದ್ದ. ಹಾಕಿದ್ದು ರಾಣಿಗಲ್ಲ.

ಆವಿಯೊಳಗೆ ಕಾಲಿಟ್ಟ ಕೂಡಲೇ ಬೆಂದ ಹುಳದ ವಾಸನೆ ಮೂಗಿಗೆ ಬಡಿದು, ಎರಡು ವರ್ಷ ಎಲ್ಲಿಯೂ ಹೋಗದೆ ಇಲ್ಲೇ ನಿಂತಿದ್ದೆನೇನೋ ಅನ್ನಿಸಿತು. ಹೆಂಗಸರು ಅವನ ಕಡೆ ತಿರುಗಲಿಲ್ಲ, ಎಳೆ ಕಡಿದೀತು. ಅಮ್ಮಯಮ್ಮ ಒಬ್ಬಳೇ ಮೊಣಕೈಯಿಂದ ಮುಖದ ಬೆವರು ಒರೆಸಿಕೊಂಡು ನಕ್ಕಳು.

"ಓಹೋಹೋ, ಬಂದ್ರಾ ಫಾರಿನ್ ಸಾಬ್ರು! ಹಲ್ಲು ಹೆಂಗೈತೆ?"

"ವಾಸಿ ಆಯ್ತು ಅಮ್ಮಯಮ್ಮ."

"ಹನ್ನೆರ್ಡು ದಿನ ಆಯ್ತು ಕಣಪ್ಪ, ಈ ಮುದ್ಕಿ ಇದಾಳೋ ಸತ್ಲೋ ಅಂತ ನೋಡ್ಲಿಲ್ವಲ್ಲೋ. ನೀನು ಬಂದ್ ಪ್ಲೇನ್ ನಾನು ನೋಡ್ದೆ, ಗೊತ್ತಾ? ನಮ್ಮ ಹಂಚಿನ್ ಮೇಲೇ ಹೋಯ್ತು. ಎಷ್ಟ್ ಕೆಳ್ಗಡೆ ಅಂದ್ರೆ ಡ್ರೈವರ್ರು ಎಲೆಅಡ್ಕೆ ಅಗೀತಾ ಇದ್ದುದ್ದು ಕಾಣ್ತು. ಕಿಟ್ಕಿಯಿಂದ ಕೈ ಚಾಚಿ, ಒಸಿ ಸುಣ್ಣ ಇದ್ರೆ ಕೊಡಮ್ಮ ಅಂದ."

"ಕೊಟ್ರಾ?"

"ಕೊಟ್ಟೆ. ಅದುಕ್ಕೇ ನೀನು ಕ್ಷೇಮ್ವಾಗಿ ಇಳ್ದಿದ್ದು."

ಪಕ್ಕದ ಬೇಸಿನ್ನಿನವರು ನಕ್ಕರು, ಫರಾಜನೂ ನಕ್ಕ. ಟೀ ಲೋಟ ಕೊಡುವಾಗ ಅವನ ಕಣ್ಣು ಬೇಡವೆಂದರೂ ಅವಳ ಬಲಗೈಗೆ ಹೋಯಿತು. ಬಿಸಿನೀರಿನಲ್ಲಿ ನೆಂದು ನೆಂದು ಬಿಳಿಚಿಕೊಂಡ ಕೈ, ಬೆರಳಿನ ಸಂದುಗಳಲ್ಲಿ ಕೆಂಪು, ನಡುಬೆರಳಿನ ತುದಿಯಲ್ಲಿ ಮಾಂಸ ಕೊರೆದ ಸಣ್ಣ ತೂತು. ಅದರ ಒಂದೊಂದು ಗೆರೆಯೂ ಅವನಿಗೆ ಬಾಯಿಪಾಠ. ಸ್ವಂತ ಅಮ್ಮನ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದಿಲ್ಲ. ಹನ್ನೊಂದು ದಿನ, ದಿನಕ್ಕೆ ಹತ್ತು ತಾಸು, ಕಂಪ್ಯೂಟರ್ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದು ಮಾಡಿಕೊಂಡು, ಆ ತೂತಿನೊಳಗೆ ಗುಹೆಯಲ್ಲಿ ಓಡಾಡುವವನ ಹಾಗೆ ಓಡಾಡಿದ್ದ.

ಎರಡು ವರ್ಷದ ಹಿಂದೆ, ಹೊರಡುವ ಮೊದಲು, ಇದೇ ಶೆಡ್ಡಿನ ಹೊರಗೆ, ಮೋಡ ಮುಚ್ಚಿದ ಒಂದು ಮಧ್ಯಾಹ್ನ, ಯಾವುದಾದರೂ ಆಟಕ್ಕೆ ಹಾಕಲು ಬಂದೀತು, ಫೋಟೋ ತೆಗೆಯುತ್ತೇನೆ ಅಂದಾಗ ಅವಳು ಅರ್ಧ ಗಂಟೆ ಕಾಣೆಯಾಗಿದ್ದಳು. ಬಂದಾಗ ಮಗಳ ಮದುವೆಯಲ್ಲಿ ಉಟ್ಟ ಸೀರೆ, ತಲೆಯಲ್ಲಿ ಕನಕಾಂಬರ, ಎರಡೂ ಕೈತುಂಬ ಹಸಿರು ಬಳೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದ್ದಳು, ಮಿರಮಿರ ಮಿನುಗುತ್ತಿತ್ತು. ಕೈ ಮಾತ್ರ ಸಾಕು ಎಂದು ಅವನಿಗೆ ಹೇಳಬೇಕಾಯಿತು. ಆಮೇಲೆ, ಎಣ್ಣೆ ಒರೆಸಿಕೊಳ್ಳಿ. ಆಮೇಲೆ, ಬಳೆ ತೆಗೆಯಿರಿ. ಆಮೇಲೆ, ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಅದ್ದಿಕೊಂಡು ಬನ್ನಿ. ಒಂದೊಂದು ಮಾತಿಗೂ ಅವಳ ಮುಖದಿಂದ ಹಬ್ಬ ಒಂದಿಷ್ಟು ಇಳಿಯಿತು. ಆದರೂ ಹೇಳಿದ ಹಾಗೆ ಮಾಡಿದಳು. ನಲವತ್ತೆರಡು ಫೋಟೋ. ಸೀರೆಯದ್ದು ಒಂದೂ ಇಲ್ಲ. ಒಂದು ತೆಗೆದಿದ್ದರೆ ಏನಾಗುತ್ತಿತ್ತು? ಮೋಡ ಸರಿದು ಬಿಸಿಲು ಬೀಳುವ ಮೊದಲು ಮುಗಿಸಬೇಕಿತ್ತು, ಅಷ್ಟೆ. ಈ "ಅಷ್ಟೆ" ಎಂಬುದನ್ನು ಅವನು ಕ್ವಾಲಾಲಂಪುರದ ಬಾಡಿಗೆ ಕೋಣೆಯಲ್ಲಿ ಫ್ಯಾನು ನೋಡುತ್ತ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಫ್ಯಾನೂ ಅದನ್ನೇ ಹೇಳುತ್ತ ತಿರುಗುತ್ತಿತ್ತು.

ಅಲ್ಲಿ ಅವನು ಓದಲು ಸೇರಿದ್ದ ಕಾಲೇಜಿನವರು ಕೆಲಸ ಕಲಿಯಲೆಂದು ಅವನನ್ನು ಕಂಪ್ಯೂಟರ್ ಆಟಗಳಿಗೆ ಚಿತ್ರ ಮಾಡುವ ಒಂದು ಸ್ಟುಡಿಯೋಗೆ ಹಾಕಿದ್ದರು. ಆಟ ಯಾವುದೋ ಚಳಿ ದೇಶದ ಕಂಪನಿಯದು. ಆ ಕಂಪನಿಯವರು ಆಟಕ್ಕೆ ಬೇಕಾದ ಕಲ್ಲು, ಪೀಪಾಯಿ, ಬಾಗಿಲು, ಹೆಣಗಳನ್ನು ದೂರದ ಊರುಗಳಲ್ಲಿ ಕೂತವರಿಂದ ಮಾಡಿಸಿಕೊಳ್ಳುತ್ತಾರೆ. ಫರಾಜನ ಪಾಲಿಗೆ ಬಂದದ್ದು ಪೀಪಾಯಿ. ನಾಲ್ಕು ತಿಂಗಳು ಪೀಪಾಯಿ ಮಾಡಿದ. ಒಡೆದದ್ದು, ಒಡೆಯದ್ದು, ಪಾಚಿ ಕಟ್ಟಿದ್ದು. ಪ್ರಪಂಚದ ಕುಡುಕರೆಲ್ಲ ನೂರು ವರ್ಷ ಕುಡಿದರೂ ತುಂಬಿ ಮಿಗುವಷ್ಟು ಪೀಪಾಯಿ. ಸಂಜೆಗೆ ಕಳಿಸಿದರೆ ಬೆಳಿಗ್ಗೆ ಕೆಂಪು ಗೀಟು ಎಳೆಸಿಕೊಂಡು ವಾಪಸು ಬರುತ್ತಿತ್ತು, ಗೀಟು ಎಳೆದವರ ಹೆಸರಾಗಲಿ ಮುಖವಾಗಲಿ ಬರುತ್ತಿರಲಿಲ್ಲ. ಸಾಲಿನಲ್ಲಿ ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಹೋಗುವ ತಮಿಳು ಸಾಹೇಬರ ಹೋಟೆಲಿನಲ್ಲಿ "ತಂಬಿ, ರೊಟ್ಟಿಯಾ?" ಎಂದು ಕೇಳುವ ಮುದುಕನದೇ ಕೆಲವು ದಿನ ಅವನು ಕೇಳಿದ ಒಂದೇ ಮಾತು. ಆ ಒಂದು ಮಾತಿಗಾಗಿ, ರೊಟ್ಟಿಯೇ ಬೇಕೆಂದು ಗೊತ್ತಿದ್ದರೂ, ಸುಮ್ಮನೆ ಯೋಚಿಸುವವನ ಹಾಗೆ ನಿಲ್ಲುತ್ತಿದ್ದ.

ಐದನೆಯ ತಿಂಗಳು ಬಾವಿ ಬಂತು. ಬಾವಿಯೊಳಗೆ ಇರುವ ಒಂದು ಮುದಿ ಪಿಶಾಚಿ, ನೀರಿನಿಂದ ಕೈ ಚಾಚಿ ದಾರಿಹೋಕರ ಕಾಲು ಹಿಡಿದು ಎಳೆದುಕೊಳ್ಳುವವಳು. ಬೇರೆಯವರು ಮಾಡಿದ ಕೈ ಮೂರು ಸಲ ವಾಪಸು ಬಂತು, ಸುಳ್ಳು ಕೈ ಎಂದು. ಮೇಲ್ವಿಚಾರಕಿ ಸೂಕ್ ಯಿನ್ ಸಾಲಿನ ಮುಂದೆ ನಿಂತು ಯಾರ ಹತ್ತಿರವಾದರೂ ಏನಾದರೂ ಇದೆಯೇ ಎಂದು ಕೇಳಿದಾಗ ಫರಾಜನ ಕೈ ಅವನನ್ನು ಕೇಳದೆಯೇ ಮೇಲೆದ್ದಿತು. ಅಭ್ಯಾಸಕ್ಕಿರಲಿ ಎಂದು ತೆಗೆದಿಟ್ಟಿದ್ದ ನಲವತ್ತೆರಡು ಫೋಟೋ. ಹನ್ನೊಂದು ದಿನವಾದ ಮೇಲೆ ಚಳಿ ದೇಶದಿಂದ ಕೆಂಪು ಗೀಟಿಲ್ಲದ ಚಿತ್ರ ಬಂತು, ಕೆಳಗೆ ಒಂದು ಸಾಲು. ಈ ಕೈ ಮಾಡಿದ್ದು ಯಾರು? ಎರಡು ವರ್ಷದಲ್ಲಿ ಅವನನ್ನು ಯಾರು ಎಂದು ಕೇಳಿದ್ದು ಅದೊಂದೇ ಸಲ. ಅವನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿದಿದ್ದ. ಆ ಕುಣಿತವೇ ಅವನನ್ನು ಹನ್ನೆರಡು ದಿನ ಶೆಡ್ಡಿನಿಂದ ದೂರ ಇಟ್ಟಿದ್ದು, ಪಿಶಾಚಿಯಲ್ಲ. ಮುಂದಿನ ವಾರ ಅಬ್ಬಾರ ಫೋನಿನಲ್ಲಿ ಅಮ್ಮಯಮ್ಮ ಮುಖ ತೂರಿಸಿ, "ನನ್ ಕೈ ಏನಾಯ್ತಪ್ಪ, ಹಾಕುದ್ರಾ?" ಎಂದಾಗ, ಆ ಸಂತೋಷದ ಬಿಸಿಯಲ್ಲೇ, "ಹಾಕಿದೀವಿ ಅಮ್ಮಯಮ್ಮ, ರಾಣಿಗೆ," ಅಂದುಬಿಟ್ಟಿದ್ದ.

"ಟೀ ಕುಡ್ದಾಯ್ತು, ನಡಿ," ಎಂದು ಅಮ್ಮಯಮ್ಮ ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಂಗ್ಡಿ ಹತ್ರ ಒಂದ್ ಗಳ್ಗೆ ಬಂದೋಗು."

"ಯಾವ ಅಂಗ್ಡಿ?"

"ರೇಷನ್ ಅಂಗ್ಡಿ. ಆ ಗಂಗಣ್ಣನ ಮಿಷಿನ್ನು ನನ್ ಬೆಳ್ಳು ಗುರ್ತೇ ಹಿಡಿಯಲ್ಲ ಕಣಪ್ಪ. ಎರ್ಡು ತಿಂಗ್ಳಿಂದ ಅಕ್ಕಿ ಇಲ್ಲ. ಈ ತಿಂಗ್ಳೂ ಒತ್ತದಿದ್ರೆ ಹೆಸ್ರು ಹೊಡೆದಾಕ್ತಾರೆ ಅಂತವ್ನೆ. ನೀರಲ್ಲಿ ಬೆಳ್ಳಿನ್ ಗೆರೆ ಎಲ್ಲಾ ತೊಳ್ದೋಗವೆ ಅಂತೆ. ಹೋದ್ರೆ ಹೋಗ್ಲಿ, ನಿನ್ನತ್ರ ಇದಾವಲ್ಲ ನಲವತ್ತೆರ್ಡು. ಅದುರಲ್ಲಿ ಒಂದ್ ಬೆಳ್ಳು ತೆಗ್ದು ಅವ್ನ ಮಿಷಿನ್ಗೆ ಒತ್ತುಸ್ಬಿಡು. ರಾಣಿಗೆ ಆಗಿದ್ದು ನಂಗೆ ಆಗಲ್ವಾ?"

ಅದು ಹಾಗಾಗುವುದಿಲ್ಲ ಎಂದು ಅಲ್ಲೇ ಹೇಳಬಹುದಿತ್ತು. ಫೋಟೋದಲ್ಲಿರುವುದೂ ತೊಳೆದುಹೋದ ಬೆರಳೇ ಎಂದು ಹೇಳಬಹುದಿತ್ತು. ಆದರೆ ಹೇಳಿದರೆ ಮುಂದಿನ ಮಾತು ರಾಣಿಯದೇ. ಬೇಸಿನ್ನಿನ ಸುತ್ತ ನಾಲ್ಕು ಜೋಡಿ ಕಿವಿ. ಅವನು ಕೆಟಲು ಕೆಳಗಿಟ್ಟು ಅವಳ ಹಿಂದೆ ನಡೆದ. ದಾರಿಯಲ್ಲಿ ಬಸ್ ಸ್ಟ್ಯಾಂಡಿನ ಮುಂದೆ, ಕಬ್ಬಿನ ಹಾಲಿನವನ ಮುಂದೆ, ನೂಲು ತಿರುವುವ ಮಿಷಿನ್ನುಗಳು ಕಿರುಗುಟ್ಟುವ ಸಂದಿಯಲ್ಲಿ, ಎದುರು ಬಂದವರಿಗೆಲ್ಲ ಅವಳು ಅವನನ್ನು ತೋರಿಸಿದಳು. "ಇವ್ನೇ. ನನ್ ಕೈನ ಪ್ಲೇನಲ್ಲಿ ಕರ್ಕೊಂಡೋದೋನು." ರಾಣಿಗೆ ಏಳು ಆನೆ ಇವೆಯಂತೆ, ಬೆರಳಿಗೊಂದು ಉಂಗುರವಂತೆ, ಊಟಕ್ಕೆ ಕೂತರೆ ಕೈ ತೊಳೆಸಲು ಮೂವರಂತೆ. ಇದಾವುದನ್ನೂ ಫರಾಜ್ ಹೇಳಿರಲಿಲ್ಲ. ಅವನು ಒಂದು ಕಾಳು ಸುಳ್ಳು ಬಿತ್ತಿದ್ದ, ಅವಳು ವರ್ಷವಿಡೀ ನೀರು ಹಾಕಿ ತೋಟ ಮಾಡಿದ್ದಳು. ಆ ತೋಟದಲ್ಲಿ ಅವಳು ಎಷ್ಟು ಸುಖವಾಗಿ ಓಡಾಡುತ್ತಿದ್ದಳೆಂದರೆ ಹಿಂದೆ ನಡೆಯುತ್ತಿದ್ದ ಅವನಿಗೆ ತಾನು ಗರಗಸ ಹಿಡಿದು ಬಂದವನ ಹಾಗೆ ಭಾಸವಾಯಿತು. ನಾಳೆ ಇಷ್ಟು ಹೊತ್ತಿಗೆ ಬ್ಯಾಗು ತೂಕ ಮಾಡಿಸುತ್ತಿರುತ್ತೇನೆ. ಒಂದೇ ದಿನ. ಒಂದು ದಿನ ತಳ್ಳಿದ್ದರೆ.

ಅಂಗಡಿಯ ಮುಂದೆ ಎಂಟು ಹತ್ತು ಜನ ಚೀಲ ಹಿಡಿದು ನಿಂತಿದ್ದರು. ಗಂಗಣ್ಣ ಕನ್ನಡಕದ ಮೇಲಿಂದ ನೋಡಿದ.

"ಬಂದ್ಲಪ್ಪ ರಾಣಿ. ಆನೆ ಎಲ್ಲಿ ಕಟ್ಟಿ ಬಂದ್ಯಮ್ಮ?"

"ನಿನ್ನ ಅಂಗ್ಡಿ ಬಾಗ್ಲು ಸಣ್ಣದು, ಹಿಡಿಯಾಕಿಲ್ಲ ಅಂತ ಮನೇಲೇ ಬಿಟ್ಟಿವ್ನಿ. ತತ್ತಾ ಮಿಷಿನ್ನು."

ಕೆಂಪು ಬೆಳಕಿನ ಸಣ್ಣ ಗಾಜಿನ ಮೇಲೆ ಅವಳು ಬಲಗೈಯ ಹೆಬ್ಬೆರಳು ಒತ್ತಿದಳು. ಮಿಷಿನ್ನು ಕೊರ್ರೆಂದಿತು. ತೋರುಬೆರಳು, ಕೊರ್ರ್. ಉಂಗುರದ ಬೆರಳು, ಕೊರ್ರ್. ಸಾಲಿನಲ್ಲಿ ಯಾರೋ ಉಸ್ಸೆಂದರು. ಅವಳು ಹೆದರಲಿಲ್ಲ, ಗೆದ್ದವಳ ಹಾಗೆ ಫರಾಜನ ಕಡೆ ತಿರುಗಿದಳು. "ಈಗ ನೀನು ಒತ್ಸಪ್ಪ."

ಫರಾಜ್ ಫೋನು ಹಿಡಿದು ನಿಂತ. ಗಂಗಣ್ಣನಿಗೆ ವಿಷಯ ಗೊತ್ತಾದಾಗ ಕುರ್ಚಿ ಅಲುಗುವ ಹಾಗೆ ನಕ್ಕ. "ಫೋಟೋ ಒತ್ತುದ್ರೆ ತಗೊಳಕ್ಕೆ ಇದೇನು ದೇವ್ರ ಪಟನಾ? ಎಡಗೈ ಒತ್ತಮ್ಮ, ಎಡಗೈ ಒತ್ತು ಅಂತ ಎರ್ಡು ತಿಂಗ್ಳಿಂದ ಬಡ್ಕೊತಾ ಇವ್ನಿ, ಕೇಳಲ್ಲ."

"ಅನ್ನಕ್ಕೆ ಎಡಗೈ ಒಡ್ಡಲ್ಲ ಅಂದ್ನಲ್ಲ ಗಂಗಣ್ಣ. ನಮ್ಮವ್ವ ಕಲ್ಸಿಲ್ಲ."

"ಹಂಗಾರೆ ರಾಣಿನಾದ್ರೂ ತೋರ್ಸಪ್ಪ," ಎಂದಳು ಸಾಲಿನಲ್ಲಿದ್ದ ನರಸಮ್ಮ. "ವರ್ಷದಿಂದ ಕೇಳಿ ಕೇಳಿ ಕಿವಿ ತೂತಾಯ್ತು."

ನೆಟ್ ಇಲ್ಲ ಅನ್ನಬಹುದಿತ್ತು. ಯಾವುದಾದರೂ ರಾಣಿ, ಕೈಗೆ ಬಿಳಿ ಗವಸು ಹಾಕಿದ ಯಾವಳಾದರೂ ಒಬ್ಬಳು ಸಿಕ್ಕಾಳೆಯೇ ಎಂದು ಅವನ ಹೆಬ್ಬೆರಳು ಹುಡುಕಲು ಹೊರಟಿತು. ಆದರೆ ಫೋನು ತೆರೆದ ಕೂಡಲೇ ಮೊದಲ ಸಾಲಿನಲ್ಲಿ ಬಂದದ್ದು, ಅವನು ಆ ಬಾಡಿಗೆ ಕೋಣೆಯಲ್ಲಿ ಇನ್ನೂರು ಸಲ ನೋಡಿದ್ದ ಬಾವಿಯ ವಿಡಿಯೋ. "ಇದೇನಾ?" ಎಂದು ಅಮ್ಮಯಮ್ಮ ಪರದೆ ಮುಟ್ಟಿದಳು. ಅದು ಅಲುಗಲಿಲ್ಲ. ಮತ್ತೆ ಒತ್ತಿದಳು, ಜೋರಾಗಿ. ಒಣಗಿ ಕಲ್ಲಾದ ಬೆರಳು ಫೋನಿಗೂ ತಿಳಿಯಲಿಲ್ಲ. "ನೋಡು, ಇದ್ಕೂ ನಾನು ಗೊತ್ತಿಲ್ಲ," ಎಂದು ನಕ್ಕಳು. ನಗು ಪೂರ್ತಿಯಾಗುವ ಮೊದಲೇ ಅವಳ ಮುಖದಲ್ಲಿ ಏನೋ ನಿಂತುಹೋಯಿತು, ಎಳೆ ಕಡಿದಾಗ ನಿಲ್ಲುವ ರಾಟೆಯ ಹಾಗೆ. ಫರಾಜ್ ಅದನ್ನು ನೋಡಿದ. ಬೇರೆ ರಾಣಿಯನ್ನು ಹುಡುಕುತ್ತಿದ್ದ ಬೆರಳನ್ನು ತಂದು ತಾನೇ ಒತ್ತಿದ.

ಕತ್ತಲೆ ಬಾವಿ. ನೀರು ಒಡೆಯಿತು. ಬಿಳಿಚಿದ ಕೈಯೊಂದು ಕಲ್ಲು ತಬ್ಬಿಕೊಂಡು ಮೇಲೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಕೂದಲು ಮೆತ್ತಿಕೊಂಡ ಮುಖ. ಅವಳು ಒಬ್ಬನ ಕಾಲು ಹಿಡಿದಳು. ಆಡುವವನು ಕೊಡಲಿ ಬೀಸಿದ. ಅವಳನ್ನು ಗೆಲ್ಲಬೇಕಾದರೆ ಮೊದಲು ಬೆರಳುಗಳನ್ನು ಕಡಿಯಬೇಕು, ಅದು ಆಟದ ಉಪಾಯ, ಊರೂರಿನ ಹುಡುಗರಿಗೆಲ್ಲ ಗೊತ್ತು. ಬೆರಳು ಒಂದೊಂದಾಗಿ ನೀರಿಗೆ ಬಿದ್ದವು. ನಲವತ್ತು ಸೆಕೆಂಡು. ಅಂಗಡಿಯಲ್ಲಿ ತಕ್ಕಡಿಯ ಸರಪಳಿ ಮಾತ್ರ ಅಲ್ಲಾಡುತ್ತಿತ್ತು.

"ಇದಾ ರಾಣಿ?" ಅಂದಳು ನರಸಮ್ಮ. ಸಾಲಿನ ಹಿಂದೆ ಯಾರೋ ಕಿಸಕ್ಕೆಂದರು.

"ಹೂಂ ಮತ್ತೆ," ಎಂದಳು ಅಮ್ಮಯಮ್ಮ, ಅರೆಗಳಿಗೆಯೂ ತಡೆಯದೆ. "ರಾಣಿನೇ. ಸವತಿ ಮಕ್ಳು ಬಾವಿಗೆ ತಳ್ಳವ್ರೆ. ಏಳೂ ಆನೆ ಕಿತ್ಕೊಂಡು, ಉಂಗ್ರ ಬಿಚ್ಕೊಂಡು ತಳ್ಳವ್ರೆ. ಸಿಕ್ಕುದೋರ ಕಾಲು ಹಿಡಿಯದೆ ಇನ್ನೇನ್ ಮಾಡಾಳು? ನೀನಾಗಿದ್ರೆ ಭಜ್ನೆ ಮಾಡ್ಕೊಂಡ್ ಕೂತಿರ್ತಿದ್ದಾ?"

ಜನ ನಕ್ಕರು. ಈ ನಗು ಬೇರೆ, ಅವಳ ಕಡೆಯದು. ಅವಳು ತನ್ನನ್ನು ಕಾಪಾಡಿದಳು ಎಂದು ಫರಾಜನಿಗೆ ಹೊಳೆಯಲು ಒಂದು ನಿಮಿಷ ಬೇಕಾಯಿತು. ಹೊಳೆದಾಗ ನೆಲ ನೋಡಿದ. ಬೈದಿದ್ದರೆ ನಿಂತುಕೊಳ್ಳಲು ಒಂದು ಜಾಗವಿರುತ್ತಿತ್ತು. ಅವಳು ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು, ಅವನೊಬ್ಬನಿಗೇ ಕೇಳುವ ಹಾಗೆ ಅಂದಳು:

"ಇದ್ಕೆ ಎರಡೂ ಬಲಗೈನೇ ಐತಲ್ಲಪ್ಪ."

"ಏನು?"

"ನಡುಬೆಳ್ಳಿನ ತೂತು, ಆ ಕೈಲೂ ಐತೆ, ಈ ಕೈಲೂ ಐತೆ. ನನ್ ಎಡಗೈ ಎಲ್ಲಿ?"

ಒಂದು ಕೈ ಸಾಕು, ಎಂದಿದ್ದಳು ಸೂಕ್ ಯಿನ್. ಎಲ್ಲರೂ ಹಾಗೆಯೇ ಮಾಡುವುದು. ಒಂದು ಕೈ, ಒಂದು ಕಿವಿ, ಅರ್ಧ ಮುಖ ಮಾಡಿ ಕನ್ನಡಿಯ ಹಾಗೆ ಮಗುಚಿಬಿಟ್ಟರೆ ಇನ್ನರ್ಧ ತಾನಾಗಿ ಬರುತ್ತದೆ, ಅರ್ಧ ಕೆಲಸ ಉಳಿಯುತ್ತದೆ. ಆ ಚಳಿ ದೇಶದವರಾಗಲಿ, ವಿಡಿಯೋ ನೋಡಿದ ಲಕ್ಷ ಜನವಾಗಲಿ ಕೇಳಿರಲಿಲ್ಲ. "ಎಡಗೈಯ ಫೋಟೋ ನಾನು ತೆಗೀಲಿಲ್ಲ ಅಮ್ಮಯಮ್ಮ," ಅಂದ. "ಬಲಗೈನೇ ತಿರುಗಿಸಿ ಹಾಕಿದ್ವಿ."

"ಓ." ಅವಳು ಪರದೆಯನ್ನು ಇನ್ನೊಮ್ಮೆ ನೋಡಿದಳು. "ಅಂದ್ರೆ ಚೆನ್ನಾಗಿರೋದ್ನ ನೀನು ನೋಡ್ಲೇ ಇಲ್ಲ."

ಅವಳು ಉತ್ತರಕ್ಕೆ ಕಾಯಲಿಲ್ಲ. ಫೋನು ಅವನಿಗೆ ಕೊಟ್ಟು, ಗಂಗಣ್ಣನ ಮುಂದೆ ಬಂದು, ಸೆರಗಿನೊಳಗಿಂದ ಎಡಗೈ ತೆಗೆದಳು. ಮಿಷಿನ್ನಿನ ಕಡೆ ನೋಡದೆ, ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರು ನೋಡುತ್ತ, "ತಪ್ಪಾಯ್ತು ಕಣವ್ವ," ಎಂದು ಯಾರಿಗೋ ಹೇಳಿ, ಹೆಬ್ಬೆರಳು ಇಟ್ಟಳು. ಹಸಿರು ದೀಪ ಹತ್ತಿತು. ಒಂದೇ ಸಲಕ್ಕೆ.

"ನೋಡ್ದಾ? ಇಷ್ಟೇ ಆಗಿದ್ದು," ಎಂದ ಗಂಗಣ್ಣ. ಯಾವಾಗಲೂ ಏನಾದರೂ ಹೇಳುವವಳು ಏನೂ ಹೇಳದೆ ಚೀಲ ಒಡ್ಡಿ ಅಕ್ಕಿ ಸುರಿಸಿಕೊಂಡಳು.

ಹೊರಗೆ ಬಿಸಿಲು ಏರಿತ್ತು. ಚೀಲ ಹೊರುತ್ತೇನೆ ಎಂದು ಫರಾಜ್ ಕೈ ಚಾಚಿದ. ಅವಳು ಆಗಲೇ ತಲೆಯ ಮೇಲಿಟ್ಟುಕೊಂಡಿದ್ದಳು. ಚೀಲಕ್ಕೆ ಒತ್ತಿ ಹಿಡಿದ ಎಡಗೈ ಅವನ ಕಣ್ಣಿನ ಮಟ್ಟಕ್ಕೆ ಬಂತು. ಕಂದು ಬಣ್ಣದ, ಉಗುರು ದುಂಡಗಿರುವ, ವಯಸ್ಸೇ ಆಗದ ಕೈ. ಮಣಿಕಟ್ಟಿನ ಹತ್ತಿರ ಹಸಿರು ಹಚ್ಚೆಯ ಐದು ಚುಕ್ಕೆ. ಇಪ್ಪತ್ತೊಂದು ವರ್ಷ ಒಂದೇ ಅಂಗಳದಲ್ಲಿ ಓಡಾಡಿ ಆ ಚುಕ್ಕೆ ಅವನು ನೋಡಿರಲಿಲ್ಲ. ಜೇಬಿನಿಂದ ಫೋನು ಹೊರಬಂತು, ಯಾವ ಕೆಲಸಕ್ಕೂ ಅಲ್ಲ, ತನಗೆ, ಆ ಬಾಡಿಗೆ ಕೋಣೆಗೆ.

"ಅಮ್ಮಯಮ್ಮ, ಒಂದ್ ನಿಮ್ಷ ನಿಂತ್ಕೊಳ್ಳಿ. ಎಡಗೈದು ಒಂದು ಫೋಟೋ ತಕ್ಕೋತೀನಿ."

ಅವಳು ನಿಂತಳು. ಚೀಲ ಹೊತ್ತ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ಅವನ ಕಡೆ ತಿರುಗಿಸಿದಳು. ಕೋಪವಿರಲಿಲ್ಲ.

"ಬ್ಯಾಡ ಕಣಪ್ಪ," ಅಂದಳು. "ಇದೊಂದು ಇಲ್ಲೇ ಇರ್ಲಿ."

ಅವಳು ನಡೆದಳು. ಅವನು ಫೋನು ಹಿಡಿದ ಕೈಯನ್ನು ಇಳಿಸುವುದು ಮರೆತು, ಸಾಲಿನವರು ನೋಡುತ್ತಿದ್ದಾರೆಂದು ಗೊತ್ತಿದ್ದೂ, ಅಂಗಡಿಯ ಮುಂದೆ ಹಾಗೆಯೇ ನಿಂತಿದ್ದ.